ಶಿರಸ್ತ್ರಾಣದ ಹಿಂದಿನ ಮುಖ

ಶಿವಾಜಿನಗರದ ಚರ್ಚಿನ ಎದುರು ಹರಕೆಗೆಂದು ಮೇಣದ ಕೈ, ಮೇಣದ ಕಾಲು ಮಾರುತ್ತಾರೆ. ಮೊನ್ನೆ ಅಲ್ಲಿ ಬಿಸಿಲಿಗೆ ಮೆತ್ತಗಾದ ಮೇಣದ ವಾಸನೆ ಮೂಗಿಗೆ ಬಡಿದು ನನ್ನ ಮೇಷ್ಟ್ರು ನೆನಪಾದರು. ಮೈ ಉರಿಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ.

ಕುಕ್ ಟೌನಿನ ಹಳೇ ಬಂಗಲೆಯ ಕಾರ್ ಶೆಡ್ಡಿನಲ್ಲಿ ಅವರು ಶಿಲ್ಪ ಕಲಿಸುತ್ತಿದ್ದರು. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಇಳಿಸಿ, ಆ ಜಾಗಕ್ಕೆ ಕಂಚು ಹೊಯ್ಯುವ ಕೆಲಸ. ಗೋಡೆ ತುಂಬ ಹದಿನಾರನೇ ಶತಮಾನದ ಇಟಲಿಯ ಶಿಲ್ಪಗಳ ಚಿತ್ರಗಳು. ಆ ಶಿಲ್ಪಿಗಳ ಜಗಳಗಳನ್ನು ಪಕ್ಕದ ಬೀದಿಯ ಸುದ್ದಿಯಂತೆ ಹೇಳುತ್ತಿದ್ದರು. ಒಬ್ಬ, ಕರಗಿದ ಲೋಹ ಹೆಪ್ಪುಗಟ್ಟಿತೆಂದು, ಅದು ಮತ್ತೆ ಹರಿಯಲೆಂದು ಮನೆಯ ತವರದ ಊಟದ ತಟ್ಟೆಗಳನ್ನೆಲ್ಲ ಕುಲುಮೆಗೆ ಎಸೆದನಂತೆ. ಅದೇ ಆಸಾಮಿ ತಾನು ಮಾಡಿದ ವೀರನ ಮೂರ್ತಿಯ ಶಿರಸ್ತ್ರಾಣದ ಹಿಂದೆ ತನ್ನದೇ ಮುಖ ಅಡಗಿಸಿಟ್ಟಿದ್ದನಂತೆ.

"ಹೆಸರು ಉಜ್ಜಿ ಹಾಕ್ಬಹುದು ಕಣಮ್ಮ. ಮುಖ ಉಜ್ಜೋಕೆ ಯಾರಿಗ್ ಧೈರ್ಯ ಬರುತ್ತೆ?" ಎನ್ನುತ್ತಿದ್ದರು.

ನನ್ನ ಕೈಗೆ ಎಲ್ಲ ಬರುತ್ತಿತ್ತು, ತುಟಿಯೊಂದು ಬಿಟ್ಟು. "ಬಾಯಿಗೆ ಹೊಲಿಗೆ ಹಾಕ್ದಂಗಿದೆಯಲ್ಲಮ್ಮ" ಎಂದು ಗೇಲಿ ಮಾಡಿ ತಾವೇ ತಿದ್ದುತ್ತಿದ್ದರು. ಅವರು ತಿದ್ದಿದ ತುಟಿಯ ಕೆಳಗೆ ಹೆಬ್ಬೆರಳು ಒತ್ತಿದ ಸಣ್ಣ ಗುಳಿ ಉಳಿಯುತ್ತಿತ್ತು.

ಇಂದಿರಾನಗರದ ಒಂದು ಹೋಟೆಲಿಗೆ ಆಳೆತ್ತರದ ಯೋಧನನ್ನು ಮಾಡಿದವಳು ನಾನು, ಇಡೀ ಬೇಸಿಗೆ ಕೂತು. ಲೋಹ ಸಾಲದೆಂದಾಗ ಜೋಗುಪಾಳ್ಯದ ಮನೆಯಿಂದ ಅಮ್ಮನ ಹಿತ್ತಾಳೆ ಹಂಡೆಯನ್ನೂ ಹೊತ್ತು ತಂದಿದ್ದೆ. ಕೊನೆಗೆ ನೋಡಿದರೆ ಮೇಣದ ಪೀಠದ ಮೇಲೆ ಅವರ ಹೆಸರು. ಅವರದೊಂದೇ!

ಕೇಳಿದೆ. "ಶೆಡ್ಡು ನಂದು, ಹೆಸರೂ ನಂದು. ಇಟಲೀಲೂ ಹಿಂಗೇ" ಎಂದು ಊಟಕ್ಕೆ ಎದ್ದು ಹೋದರು. ಅವರು ಉಂಡು ಬರುವಷ್ಟರಲ್ಲಿ ಮೇಣದ ಯೋಧನ ಶಿರಸ್ತ್ರಾಣದ ಹಿಂದೆ ನನ್ನ ಮುಖ ಮೂಡಿಸಿದೆ. ಒಂದು ದಿನ ಜನ ಇದನ್ನು ನೋಡಲಿ, ಆಗ ಇವರು ತಮ್ಮ ಮುಖ ಎಲ್ಲಿಟ್ಟುಕೊಳ್ಳುತ್ತಾರೋ ನೋಡೋಣ ಎಂದುಕೊಂಡು ಶೆಡ್ಡು ಬಿಟ್ಟು ಬಂದೆ. ಮಾರನೇ ದಿನ ಮಣ್ಣು ಮೆತ್ತಿದ್ದು ಅವರೊಬ್ಬರೇ.

ಹೋಟೆಲಿನ ಉದ್ಘಾಟನೆಗೆ ಬೇಕೆಂದೇ ಹೋದೆ. ಯೋಧನನ್ನು ಮೇಷ್ಟ್ರು ಬೆನ್ನು, ತಲೆ ಸಮೇತ ಗೋಡೆಗೆ ಒತ್ತಿ ಸಿಮೆಂಟ್ ಹಾಕಿಸಿದ್ದರು. ಕೊರಳಲ್ಲಿ ಹಾರ ಹಾಕಿಕೊಂಡ ಮೇಷ್ಟ್ರು ನನ್ನನ್ನು ಯಾರಿಗೋ ತೋರಿಸಿ, "ನಂಗೆ ಮೇಣ ಕಾಯಿಸ್ಕೊಡ್ತಿದ್ದ ಹುಡುಗಿ" ಎಂದರು. ಮುಂದೆ ಕಾಯಿಲೆ ಬಿದ್ದಾಗ ಹೇಳಿಕಳಿಸಿದರು. ಹೋಗಲಿಲ್ಲ. ಆ ಗೋಡೆ ಬೀಳಲಿ, ಅವರು ಬದುಕಿರುವಾಗಲೇ ಬೀಳಲಿ ಎಂಬುದೊಂದೇ ನನ್ನ ಹರಕೆಯಾಗಿತ್ತು.

ಬಿತ್ತು, ಅವರು ತೀರಿಕೊಂಡ ಮೇಲೆ. ಹೋಟೆಲ್ ಕೆಡವುತ್ತಿದ್ದಾರೆಂದು ತಿಳಿದು ಕಳೆದ ವಾರ ಓಡಿದೆ. ಯೋಧ ಮಣ್ಣಿನಲ್ಲಿ ಬೋರಲು ಬಿದ್ದಿದ್ದ. ಸೆರಗಿನಿಂದ ಸಿಮೆಂಟ್ ಪುಡಿ ಒರೆಸಿದೆ. ನನ್ನ ಮುಖ ಹಾಗೇ ಇತ್ತು. ತುಟಿ ಮಾತ್ರ ನಾನು ಮಾಡಿದ್ದಲ್ಲ. ಇನ್ನೇನು ಬೈಯಲಿರುವಂತೆ ಬಿರಿದ ಜೀವಂತ ತುಟಿ, ಅದರ ಕೆಳಗೆ ಹೆಬ್ಬೆರಳಿನ ಗುಳಿ...

ಅವರು ನೋಡಿದ್ದರು. ಉಜ್ಜಿ ಹಾಕಲಿಲ್ಲ. ತಿದ್ದಿ, ಆಮೇಲೆ ಗೋಡೆಗೆ ಒತ್ತಿಸಿದರು. ನನ್ನ ಸೇಡನ್ನೂ ತಮ್ಮ ಕೆಲಸವನ್ನಾಗಿ ಮಾಡಿಕೊಂಡುಬಿಟ್ಟರು. ಇದನ್ನು ಹೇಳಲೆಂದೇ ಹೇಳಿಕಳಿಸಿದ್ದರೋ ಏನೋ.

"ಏನ್ ಬೇಕಕ್ಕಾ? ಕೈಯಾ, ಕಾಲಾ?" ಮೇಣದ ಅಂಗಡಿಯವಳು ಕೇಳಿದಳು.

ಒಂದು ಕೈ ಕೊಂಡೆ. ಅದರ ಹೆಬ್ಬೆರಳು ಸೊಟ್ಟಗಿತ್ತು. ಅಲ್ಲೇ ನಿಂತು ಒತ್ತಿ ಸರಿ ಮಾಡಿದೆ. ಜಗಳ ಮುಗಿದಿಲ್ಲ ಮೇಷ್ಟ್ರೇ. ಆಡೋಣವೆಂದರೆ ನೀವೇ ಇಲ್ಲ.