ಮಗಳನ್ನು ಕರೆದೊಯ್ಯಲು ಶಿಡ್ಲಘಟ್ಟಕ್ಕೆ

ದೇವನಹಳ್ಳಿಯಲ್ಲಿ ವಿಮಾನ ಇಳಿದಾಗ ಬೆಳಗಿನ ಹನ್ನೊಂದು ದಾಟಿತ್ತು. ಮಲೇಷ್ಯಾದ ಪೆನಾಂಗ್‌ನಿಂದ ಕ್ವಾಲಾಲಂಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ. ವಿಮಾನದಲ್ಲಿ ಕೊಟ್ಟ ಅನ್ನಕ್ಕೆ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ. ಹೆದ್ದಾರಿಗೆ ಬಂದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದು ಕಾರ್ಡ್ ಕೇಳಿದಾಗ ಕೈ ತಾನಾಗಿಯೇ ಪಾಸ್‌ಪೋರ್ಟ್ ತೆಗೆದು ಚಾಚಿತು. ಎಂಟು ತಿಂಗಳ ಅಭ್ಯಾಸ.

"ಚಿಕ್ಕಬಳ್ಳಾಪುರಕ್ಕೆ ಇದೆಲ್ಲಾ ಬೇಡಮ್ಮ, ಆಧಾರ್ ತೋರ್ಸಿ ಸಾಕು," ಎಂದು ಅವರು ನಕ್ಕರು. ಹೆಂಗಸರಿಗೆ ಟಿಕೆಟ್ ಸೊನ್ನೆ ರೂಪಾಯಿ. ಬಿಸಿಲು ಚುರುಗುಟ್ಟುತ್ತಿತ್ತು. ದ್ರಾಕ್ಷಿ ತೋಟಗಳು ಬಂದವು, ಆಮೇಲೆ ನಂದಿ ಬೆಟ್ಟ. ನನ್ನ ಊರು ಎಂಬ ಸಂತೋಷ ಆಗಬೇಕಿತ್ತು. ಆಗಲಿಲ್ಲ.

ನಾನು ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರಮ್ಮ. ನನ್ನ ವಿದ್ಯಾರ್ಥಿಗಳು ಯಾವ್ಯಾವುದೋ ದೇಶದವರು. ಇಂಟರ್ನೆಟ್ ಇದ್ದರೆ ಯಾವ ಊರಾದರೂ ಆದೀತು. ಗಂಡನಿಂದ ದೂರವಾದ ಮೇಲೆ ಎರಡು ವರ್ಷ ಗೌರಿಬಿದನೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಆಮೇಲೆ, ದೂರದಿಂದ ಕೆಲಸ ಮಾಡುವವರಿಗೆಂದೇ ಮಲೇಷ್ಯಾದವರು ಕೊಡುವ ವೀಸಾ ಪಡೆದು ಪೆನಾಂಗ್‌ಗೆ ಹೋದೆ. ಹತ್ತು ವರ್ಷದ ಮಗಳು ಮೇಘನಾಳನ್ನು ನನ್ನ ಒಡಹುಟ್ಟಿದ ಅಕ್ಕ ರತ್ನಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಈಗ ವೀಸಾ ಮುಗಿಯುವುದರಲ್ಲಿತ್ತು. ಇನ್ನೊಂದು ವರ್ಷಕ್ಕೆ ಮಗಳ ಹೆಸರನ್ನೂ ಸೇರಿಸಿ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ಕೋಣೆ ಖಾಲಿ ಮಾಡಿ ವಾಪಸ್ ಬರಬೇಕು. ತೀರ್ಮಾನಿಸಲು ನನಗಿದ್ದದ್ದು ಮೂರು ದಿನ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ ಮುಟ್ಟಿದಾಗ ಮಧ್ಯಾಹ್ನ ಎರಡು. ಅಕ್ಕನ ಊರು ಅಲ್ಲಿಂದ ಚಿಂತಾಮಣಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ಆಟೋದವನು ಹಿಪ್ಪುನೇರಳೆ ತೋಟದ ಪಕ್ಕ ಇಳಿಸಿದ. ಮನೆಗೆ ಬೀಗ. ಎಲ್ಲರೂ ಹಿಂದಿನ ಹುಳುಮನೆಯಲ್ಲಿದ್ದರು. ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಸಮಯ. ನಾಲ್ಕನೆಯದು ಮುಗಿದ ಮೇಲೆ ಅವು ಗೂಡು ಕಟ್ಟುವವರೆಗೆ ಹಗಲೂ ರಾತ್ರಿ ತಿನ್ನುತ್ತವೆ, ಮನೆಯವರಿಗೆ ಬಿಡುವಿರುವುದಿಲ್ಲ.

ಬಾಗಿಲ ಪರದೆ ಸರಿಸಿ ಒಂದು ಕಾಲು ಒಳಗಿಟ್ಟಿದ್ದೆ. ಮೇಘನಾ ಸೊಪ್ಪಿನ ಹೊರೆ ತಬ್ಬಿಕೊಂಡು ನಿಂತಿದ್ದಳು. ಉದ್ದವಾಗಿದ್ದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ನಾನು ಬ್ಯಾಗು ಕೆಳಗಿಟ್ಟೆ.

"ಅಮ್ಮ, ಅಲ್ಲೇ ನಿಂತ್ಕೊ," ಎಂದಳು. "ಹೊರಗಿನೋರು ಒಳಗೆ ಬರಂಗಿಲ್ಲ. ಹುಳಕ್ಕೆ ರೋಗ ಬರ್ತದೆ."

ಅಕ್ಕ ಮುಂದೆ ಬಂದಳು. "ಸುಧಾ, ಬಂದ್ಯಾ? ಮೈಗೇನು ಹಚ್ಕೊಂಡಿದೀಯ, ಘಮ್ ಅಂತೀಯ. ಹಿಂದಕ್ಕೆ ಸರಿಯಮ್ಮ, ಈ ವಾಸನೆಗೆ ಹುಳ ಮೇವು ಬಿಟ್ಬಿಡ್ತವೆ. ಬೀಗದ ಕೈ ತಗೊ, ಸ್ನಾನ ಮಾಡು, ಬರ್ತೀವಿ."

ತಪ್ಪು ನನ್ನದೇ. ರೇಷ್ಮೆ ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವಳು, ಸೆಂಟು ಹಾಕಿಕೊಂಡು ಹುಳುಮನೆಗೆ ಕಾಲಿಟ್ಟಿದ್ದೆ. ಮಗಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೂ ಬಚ್ಚಲಲ್ಲಿ ಕೂತು ಅತ್ತೆ.

ಸಂಜೆ ಅಕ್ಕ ಮುದ್ದೆ ತೊಳಸುತ್ತಾ ನೇರವಾಗಿ ಕೇಳಿದಳು. "ಎಲ್ಲಿ ಕೂತ್ರೂ ಆಗೋ ಕೆಲಸ ಅಂತೀಯ. ಹಂಗಾದ್ರೆ ಇಲ್ಲೇ ಕೂತ್ಕೊಂಡು ಮಾಡೋಕೇನು ದಾಡಿ?"

ಹಣ ಎನ್ನೋಣವೆಂದುಕೊಂಡೆ, ಆದರೆ ಅದು ಸುಳ್ಳು. ಸಂಬಳ ಎಲ್ಲಿದ್ದರೂ ಅಷ್ಟೇ. "ಅಲ್ಲಿ ಯಾರೂ ಗಂಡ ಎಲ್ಲಿ ಅಂತ ಕೇಳಲ್ಲ ಅಕ್ಕ," ಎಂದೆ. "ಬೆಳಿಗ್ಗೆ ಸಮುದ್ರದ ಪಕ್ಕ ಒಬ್ಳೇ ಕೂತಿದ್ರೂ ಯಾರೂ ತಿರುಗಿ ನೋಡಲ್ಲ. ಭಾನುವಾರ ಮಾತ್ರ ಕಷ್ಟ. ಭಾನುವಾರ ಫೋನ್ ಬಿಟ್ರೆ ಬಾಯಿ ತೆರೆಯೋ ಪ್ರಸಂಗಾನೇ ಬರಲ್ಲ."

ಅಕ್ಕ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. "ಮಗೂನ ಕರ್ಕೊಂಡು ಹೋಗೋದಾದ್ರೆ ಹೋಗು. ನಾನು ಬೇಡ ಅನ್ನಲ್ಲ. ಅವಳಿಲ್ದೆ ನಂಗೆ ಕೈ ಮುರಿದಂಗೆ ಆಗ್ತದೆ, ಅದೂ ಹೇಳ್ಬಿಡ್ತೀನಿ."

ಮರುದಿನ ಬೆಳಿಗ್ಗೆ ವೀಸಾ ಫೋಟೊಕ್ಕೆಂದು ಮೇಘನಾಳನ್ನು ಚಿಂತಾಮಣಿಗೆ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವಳು ಕಿಟಕಿಗೆ ಅಂಟಿಕೊಂಡಿದ್ದಳು. ಪೆನಾಂಗ್‌ನ ಶಾಲೆ, ಈಜುಕೊಳ, ಬೆಟ್ಟ ಹತ್ತುವ ರೈಲು, ಎಲ್ಲವನ್ನೂ ವರ್ಣಿಸಿದೆ. ಪ್ರತಿಯೊಂದಕ್ಕೂ "ಹೂಂ" ಎಂದಳು. ಬೇಡ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು, ವಾದ ಮಾಡಬಹುದಿತ್ತು.

ಸ್ಟುಡಿಯೋದ ಅಜ್ಜ ತೆಲುಗು ಮನುಷ್ಯ. "ನವ್ವೊದ್ದು ಪಾಪಾ," ಎಂದರು. ವೀಸಾ ಫೋಟೊದಲ್ಲಿ ನಗಬಾರದು. ಮೇಘನಾ ನಗಲು ಹೊರಟೇ ಇರಲಿಲ್ಲ. ಎಂಟು ಪ್ರತಿಗೆ ನೂರು ರೂಪಾಯಿ. ಆ ಎಂಟು ಮುಖಗಳನ್ನು ಒಟ್ಟಿಗೆ ನೋಡಿದ ಮೇಲೆ ನನ್ನ ಮನಸ್ಸು ಅಲ್ಲೇ ಮಗುಚಿಬಿತ್ತು. ಇವಳನ್ನು ಕಿತ್ತುಕೊಂಡು ಹೋಗಲಾರೆ ಎಂದು ನಿರ್ಧರಿಸಿದೆ.

ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸೆಟ್ ದೋಸೆ ಹೇಳಿ, ಅವಳ ಎದುರು ಕೂತು ಹೇಳಿದೆ. "ಪುಟ್ಟಿ, ನೀನು ಎಲ್ಲೂ ಬರೋದು ಬೇಡ. ನಾನೇ ವಾಪಸ್ ಬಂದ್ಬಿಡ್ತೀನಿ. ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಣ, ನೀನು ನಾನು ಇಬ್ರೇ. ಶನಿವಾರ ಭಾನುವಾರ ದೊಡ್ಡಮ್ಮನ ಹತ್ರ ಬರಣ."

ಹೇಳುವಾಗಲೇ, ಇದು ಎಂಟು ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎನಿಸಿತು. ಅವಳು ಕುಣಿದಾಡುತ್ತಾಳೆ ಎಂದು ಕಾದೆ. ಅವಳು ದೋಸೆ ಮುರಿದು ಚಟ್ನಿಗೆ ಅದ್ದಿದಳು.

"ಬೇಡಮ್ಮ. ನೀನು ಅಲ್ಲೇ ಇರು."

"ಯಾಕೆ?"

"ಅಲ್ಲಿದ್ರೆ ದಿನಾ ಫೋನ್ ಮಾಡ್ತೀಯ. ಅರ್ಧ ಗಂಟೆ ನನ್ ಜೊತೇನೇ ಮಾತಾಡ್ತೀಯ, ಬೇರೆ ಏನೂ ಮಾಡಲ್ಲ. ಗೌರಿಬಿದನೂರಲ್ಲಿ ರೂಮಿನ ಬಾಗ್ಲು ಹಾಕ್ಕೊಂಡು ಬೇರೆ ಮಕ್ಳಿಗೆ ಪಾಠ ಹೇಳ್ತಿದ್ದೆ. ನಾನು ತಟ್ಟಿದ್ರೆ ಬೈತಿದ್ದೆ. ಇನ್ನೊಂದ್ ದೋಸೆ ತಿನ್ಲಾ?"

ಬೇಜಾರಿನಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ಲೆಕ್ಕದ ಉತ್ತರ ಕೇಳಿದಾಗ ಹೇಳುವ ಹಾಗೆ ಹೇಳಿದಳು. ನಾನು ಇನ್ನೊಂದು ದೋಸೆ ತರಿಸಿದೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆ ಮನೆಯಲ್ಲಿ ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದೆ. ಅವಳು ಶಾಲೆಯಿಂದ ಬಂದು ತಾನೇ ಬಡಿಸಿಕೊಂಡು ತಿಂದು ಮಲಗುತ್ತಿದ್ದಳು. ಬಾಗಿಲು ತಟ್ಟುವುದನ್ನು ಯಾವತ್ತು ನಿಲ್ಲಿಸಿದಳೋ ನನಗೆ ನೆನಪಿಲ್ಲ. ಈಗ ತೊಂದರೆಯಿಲ್ಲದೆ ಕ್ಲಾಸು ನಡೆಯುತ್ತಿದೆಯಲ್ಲ ಎಂದು ನೆಮ್ಮದಿಪಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಇನ್ಮೇಲೆ ಬಾಗ್ಲು ಹಾಕಲ್ಲ," ಎಂದೆ.

"ಹಾಕ್ದೆ ಪಾಠ ಹೆಂಗ್ ಮಾಡ್ತೀಯ?" ಎಂದು ಕೇಳಿದಳು. ಸಂಜೆಯ ಕ್ಲಾಸು ಬಿಟ್ಟರೆ ಕೆಲಸವೇ ಇಲ್ಲ, ಅದು ಅವಳಿಗೂ ಗೊತ್ತು.

ಮೂರನೆಯ ದಿನ ಹುಳುಗಳು ಇನ್ನೂ ಮೇಯುತ್ತಲೇ ಇದ್ದವು. ಅಕ್ಕ ಸೊಪ್ಪು ಹರವುತ್ತಿದ್ದವಳು ಬಾಗಿಲವರೆಗೆ ಬಂದು, "ಏನು ಮಾಡ್ದೆ?" ಎಂದು ಕೇಳಿದಳು. ಅರ್ಜಿಯನ್ನು ನನ್ನೊಬ್ಬಳ ಹೆಸರಲ್ಲೇ ಹಾಕುತ್ತೇನೆ ಎಂದೆ. ಮಗು ಏನಂದಳು ಎಂದು ಅವಳು ಕೇಳಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದಳು.

ಮೇಘನಾ ರಸ್ತೆಯವರೆಗೆ ನನ್ನ ಬ್ಯಾಗು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಮಾತು. ಶಾಲೆಯಲ್ಲಿ ಯಾರಿಗೆ ಯಾರ ಜೊತೆ ಟೂ, ಅಕ್ಕನ ಎಮ್ಮೆ ಯಾವಾಗ ಕರು ಹಾಕುತ್ತದೆ, ಎಲ್ಲವನ್ನೂ ಅರ್ಧರ್ಧ ಹೇಳಿ, "ಮಿಕ್ಕಿದ್ದು ಫೋನಲ್ಲಿ ಹೇಳ್ತೀನಿ," ಎಂದಳು. ನಾನು ಬಂದ ದಿನ ಈ ಮಾತುಗಾತಿ ಎಲ್ಲಿದ್ದಳೋ. ಶಿಡ್ಲಘಟ್ಟದ ಬಸ್ಸು ಬಂತು. ಹತ್ತಿ ಕೂತು ಹಿಂತಿರುಗಿ ನೋಡಿದೆ. ಎರಡೂ ಕೈ ಎತ್ತಿ ಬೀಸುತ್ತಿದ್ದಳು, ಬಾಯ್ತುಂಬ ನಗುತ್ತಿದ್ದಳು. ಅಮ್ಮ ದೂರ ಹೋಗುತ್ತಾಳೆ, ಇನ್ನು ದಿನಾ ಅರ್ಧ ಗಂಟೆ ಸಿಗುತ್ತಾಳೆ ಎಂಬ ಸಂತೋಷ ಅವಳಿಗೆ.