ಒಳಗೆ ಮಡಿಚಿಟ್ಟ ನಾಲ್ಕು ಬೆರಳು ಬಟ್ಟೆ

ನನ್ನ ತಂಗಿಯ ಮೊಮ್ಮಗಳನ್ನು ನಾವೆಲ್ಲ ಸೂಜಿ ಎಂದೇ ಕರೆಯುವುದು. ಸಣ್ಣ ಆಳು, ಚುಚ್ಚು ಮಾತು. ಊರಲ್ಲಿ ಎಂಟು ವರ್ಷ ಬಟ್ಟೆ ಹೊಲಿದು, ಈ ದೇಶಕ್ಕೆ ಬಂದು, ನನ್ನ ಮಗಳ ಮನೆಯಲ್ಲಿ ನನ್ನ ಕೋಣೆಯಲ್ಲೇ ಇಳಿದಳು. ಆರು ತಿಂಗಳೊಳಗೆ ಕೆಲಸ ಸಿಗದಿದ್ದರೆ ವಾಪಸ್ ಹೋಗಬೇಕೆಂದು ಅವಳ ಸರ್ಕಾರಿ ಕಾಗದದಲ್ಲಿತ್ತು. ಐದು ತಿಂಗಳು ಮೂರು ವಾರ ಮುಗಿದಿತ್ತು.

ಹನ್ನೊಂದು ಹೊಲಿಗೆ ಅಂಗಡಿ ಹತ್ತಿಳಿದಿದ್ದಳು. ಎಲ್ಲರದ್ದೂ ಒಂದೇ ಪ್ರಶ್ನೆ: ಈ ದೇಶದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ?

"ಯಾರೂ ಕೆಲಸ ಕೊಡದೆ ಅನುಭವ ಏನು ಮರದಲ್ಲಿ ಬಿಡುತ್ತಾ ಅಜ್ಜಿ?"

"ಮೊದಲು ಆ ಬಾಯಿಗೊಂದು ಹೊಲಿಗೆ ಹಾಕ್ಕೋ. ನಡಿ, ಈ ಸಲ ನಾನೂ ಬರ್ತೀನಿ," ಎಂದೆ.

ಹನ್ನೆರಡನೆಯ ಅಂಗಡಿಯಾಕೆ ದಪ್ಪ ಕನ್ನಡಕದವಳು. ಅವಳ ಭಾಷೆ ನನಗೆ ಬಾರದು. ಸೂಜಿ ಆಮೇಲೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆಕೆ ಗಿರಾಕಿಯೊಬ್ಬನ ಕಪ್ಪು ಪ್ಯಾಂಟು ಕೊಟ್ಟು, ಸೀಮೆಸುಣ್ಣದ ಗೆರೆ ತೋರಿಸಿ, "ಇದರ ಕೆಳಗೆ ಒಂದು ಬೆರಳು ಬಿಟ್ಟು ಕತ್ತರಿಸು, ಅಂಚು ಹೊಲಿ" ಎಂದಳು. ನಾನು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕುಳಿತೆ.

ಸೂಜಿ ಕತ್ತರಿ ಮುಟ್ಟಲೇ ಇಲ್ಲ. ನಮ್ಮಲ್ಲಿ ಅಣ್ಣನ ಪ್ಯಾಂಟು ತಮ್ಮನಿಗೆ ಗಿಡ್ಡವಾಗಬೇಕು, ತಮ್ಮ ಬೆಳೆದಂತೆ ಬಿಚ್ಚಿ ಮತ್ತೆ ಉದ್ದವಾಗಬೇಕು. ಕೈಗೆ ಅದೇ ರೂಢಿ. ನಾಲ್ಕು ಬೆರಳು ಬಟ್ಟೆ ಒಳಗೇ ಮಡಿಚಿ, ಮೇಲೆ ಕಾಣದಂತೆ ಕೈಹೊಲಿಗೆ ಹಾಕಿದಳು.

ಅಂಗಡಿಯಾಕೆ ಅಂಚು ತಿರುಗಿಸಿ ನೋಡಿದಳು. "ಕತ್ತರಿಸು ಅಂದ್ರೆ ಗಂಟು ಕಟ್ಟಿದ್ದೀಯಲ್ಲ! ಹೇಳಿದ ಮಾತು ಕೇಳದವಳು ನನಗೆ ಬೇಡ."

ಬಾಗಿಲು ತೋರಿಸಿದಳು. ನನ್ನ ಮಂಡಿ ಬೇಗ ಏಳುವ ಪೈಕಿಯಲ್ಲ. ನಾನು ಎದ್ದು ನಿಲ್ಲುವಷ್ಟರಲ್ಲಿ ಪ್ಯಾಂಟಿನ ಯಜಮಾನನೇ ಬಂದ, ದೀಪದ ಕಂಬದಂಥ ಆಳು. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದರೆ ಕಾಲ್ಚೀಲವೆಲ್ಲ ಬಯಲು.

"ನಾನೇನು ಹೊಳೆ ದಾಟಬೇಕಾ?" ಎಂದ.

ಅಂಗಡಿಯಾಕೆ ಯಾರೋ ಗಿಡ್ಡನ ಅಳತೆಗೆ ಇವನ ಪ್ಯಾಂಟಿನ ಮೇಲೆ ಗೆರೆ ಎಳೆದಿದ್ದಳು. ಸೂಜಿ ಹೊಲಿಗೆ ಬಿಚ್ಚಿದಳು, ಎರಡು ಬೆರಳು ಇಳಿಸಿದಳು, ಹೊಲಿದಳು, ಹಳೆಯ ಮಡಿಕೆಯ ಗುರುತು ಹೋಗುವಂತೆ ಇಸ್ತ್ರಿ ಎಳೆದಳು. ಗೋಡೆ ಗಡಿಯಾರದಲ್ಲಿ ಹದಿನೇಳು ನಿಮಿಷ.

ಆತ ಹೋದ ಮೇಲೆ ಅಂಗಡಿಯಾಕೆ ಮೆಲ್ಲಗೆ ಕೇಳಿದಳು, "ನಾನು ಹೇಳಿದಂತೆ ಕತ್ತರಿಸಿದ್ದಿದ್ರೆ?"

"ಅವರಿಗೊಂದು ಚಡ್ಡಿ ಆಗ್ತಿತ್ತು."

ಮಾತು ತಿಳಿಯದಿದ್ದರೂ ದನಿ ತಿಳಿಯದೇ? ನಾನು ಸೂಜಿಯ ತೋಳು ಚಿವುಟಿದೆ. ಅಂಗಡಿಯಾಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

"ಸೋಮವಾರ ಎಂಟಕ್ಕೆ ಬಾ. ಕಾಗದಕ್ಕೆ ಸಹಿ ಹಾಕಿಕೊಡ್ತೀನಿ. ಆದ್ರೆ ಕತ್ತರಿಸು ಅಂದ್ರೆ ಕತ್ತರಿಸಬೇಕು."

"ಅಳೆದು ನೋಡಿ ಕತ್ತರಿಸ್ತೀನಿ."

ಇದಾಗಿ ಒಂದು ವರ್ಷ. ಬಾಗಿಲ ಪಕ್ಕದ ಸ್ಟೂಲು ಅಲ್ಲೇ ಇದೆ. ನಾನು ಹೋದರೆ ಅಂಗಡಿಯಾಕೆ ಕೂರಿಸಿ, ಗುಂಡಿ ಹಚ್ಚಲು ಎರಡು ಅಂಗಿ ಮಡಿಲಿಗೆ ಹಾಕುತ್ತಾಳೆ. ನನ್ನನ್ನು ಮಾತ್ರ ಅನುಭವ ಇದೆಯೇ ಎಂದು ಇವತ್ತಿನವರೆಗೂ ಕೇಳಿಲ್ಲ.