ಹೊಳಿಯಪ್ಪನ ಬಲಗಡೆಯ ಗುಂಡಿಗೆ

ಮೋಟೆಬೆನ್ನೂರಿನ ಹೊಳಿಯಪ್ಪನ ಅಜ್ಜ ಮೈಲಪ್ಪ ಬ್ರಿಟಿಷರ ಕಾಲದಲ್ಲಿ ಪೊಲೀಸರು ಬೆನ್ನಟ್ಟಿದ ಇಬ್ಬರು ಚಳವಳಿಗಾರರನ್ನು ಮೂರು ದಿನ ಬಣವೆಯೊಳಗೆ ಬಚ್ಚಿಟ್ಟವನು. ತಂದೆ ಕೊಟ್ರಪ್ಪ ಬ್ಯಾಡಗಿ ಪೇಟೆಯಲ್ಲಿ ಎರಡೆರಡು ಮೆಣಸಿನಕಾಯಿ ಚೀಲ ಒಮ್ಮೆಲೇ ಹೊತ್ತು ನಡೆದ ಹಮಾಲ. ಹೊಳಿಯಪ್ಪನೂ ಅದೇ ಪೇಟೆಯಲ್ಲಿ ಚೀಲ ಹೊತ್ತೇ ಬೆಳೆದ.

ಇಪ್ಪತ್ತರ ಹರೆಯದಲ್ಲಿ ಕೆಮ್ಮು ಹತ್ತಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋದಾಗ, ಅವನ ಗುಂಡಿಗೆ ಬಲಗಡೆ ಇರುವುದನ್ನು ಡಾಕ್ಟರು ಕಂಡರು. ಹುಟ್ಟಿನಿಂದಲೇ ಹಾಗೆ, ರೋಗವಲ್ಲ. ಅಂದಿನಿಂದ ಅಲ್ಲಿ ಡಾಕ್ಟರಿಕೆ ಓದುವವರ ಪರೀಕ್ಷೆ ಬಂತೆಂದರೆ ಹೊಳಿಯಪ್ಪನಿಗೆ ಕಾರ್ಡು ಬರುತ್ತಿತ್ತು. ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಬೇಕು. ಕೇಳಿದ್ದಕ್ಕಷ್ಟೇ ಉತ್ತರ, ಗುಂಡಿಗೆಯ ಗುಟ್ಟು ಬಿಟ್ಟುಕೊಡುವಂತಿಲ್ಲ, ಓದುವವರೇ ಕಂಡುಹಿಡಿಯಬೇಕು. ಗಂಜಿ ಹಾಕಿದ ಬಿಳಿ ಕೋಟು, ಹುಡುಗರ ತಣ್ಣನೆಯ ಬೆರಳು, ಮುಗಿದ ಮೇಲೆ ಬಿಸಿ ಮಿರ್ಚಿ, ಚಹಾ. ನೆನೆದರೆ ಅವನ ಮುಖ ಇಂದಿಗೂ ಅರಳುತ್ತದೆ. "ಎಷ್ಟು ಡಾಕ್ಟರು ನನ್ನ ಎದಿ ಮ್ಯಾಲ ಅಕ್ಷರ ತಿದ್ಯಾರ" ಎನ್ನುತ್ತಾನೆ.

ಹಾವೇರಿಯಲ್ಲಿ ಹೊಸ ವೈದ್ಯಕೀಯ ಕಾಲೇಜು ಶುರುವಾದಾಗ ಮೊದಲ ತಂಡದ ಹುಡುಗರಿಗೆ, ವರ್ಷವರ್ಷ ಹೋಗಿ ಮನೆಮಂದಿಯ ಆರೋಗ್ಯ ನೋಡಿ ಬರೆದುಕೊಳ್ಳಲೆಂದು, ಸುತ್ತಲಿನ ಊರುಗಳ ಮನೆಗಳನ್ನು ಹಂಚಿಕೊಟ್ಟರು. ಹೊಳಿಯಪ್ಪನ ಮನೆ ರಾಣೆಬೆನ್ನೂರಿನ ಶ್ವೇತಾಳ ಪಾಲಿಗೆ ಬಂತು. ಮೊದಲ ವರ್ಷ ಅವಳಿಗೆ ನಾಡಿಯೇ ಸಿಗಲಿಲ್ಲ. ಮರುವರ್ಷ ಸ್ಟೆಥಸ್ಕೋಪ್ ತಂದು ಎಡಗಡೆ ಇಟ್ಟಳು.

"ಅಜ್ಜಾರ, ನಿಮ್ಮ ಎದಿ ಭಾಳ ದಪ್ಪ ಐತಿ ನೋಡ್ರಿ. ಸಪ್ಪಳ ಸಣ್ಣಗ ಕೇಳತೈತಿ."

"ಹಮಾಲರ ಎದಿ ಅಲ್ಲೇನವ್ವ."

'ಸರಿ ಇದೆ' ಎಂದು ಬರೆದುಕೊಂಡಳು. ತಾನೇ ಕಂಡುಕೊಳ್ಳಲಿ ಎಂದು ಹೊಳಿಯಪ್ಪ ತುಟಿ ಬಿಚ್ಚಲಿಲ್ಲ. ಮುಂದಿನ ವರ್ಷವೂ ಅವಳು ಹಿಂದಿನದನ್ನೇ ಇಳಿಸಿಕೊಂಡಳು.

ಈ ವರ್ಷ ಕೊನೆಯ ಪರೀಕ್ಷೆ. ಹುಬ್ಬಳ್ಳಿಯಿಂದ ಹಾವೇರಿಗೆ ಬಂದಿದ್ದ ಹಳೆಯ ಡಾಕ್ಟರೊಬ್ಬರು ಹೊಳಿಯಪ್ಪನನ್ನು ಕರೆಸಿದರು. ಅವನ ಮಂಚಕ್ಕೆ ಬಂದವಳು ಶ್ವೇತಾ.

"ನೀವ ಏನ್ರಿ ಅಜ್ಜಾರ? ನಾ ಬದುಕಿದೆ" ಎಂದು ಅವಳು ನಕ್ಕಾಗ ಹೊಳಿಯಪ್ಪನಿಗೆ ದಿಗಿಲಾಯಿತು. ಗುರುತಿನ ಮುದುಕನೆಂದು ಹಳೆಯದನ್ನೇ ಬರೆದರೆ ಹುಡುಗಿ ನಪಾಸು. ಹೇಳಿಬಿಡಲೇ? ಐವತ್ತು ವರ್ಷ ಕಾಯ್ದುಕೊಂಡು ಬಂದ ಗುಟ್ಟು ನಾಲಿಗೆಯ ತುದಿಗೆ ಬಂದು ನಿಂತಿತು.

ಶ್ವೇತಾ ಎಡಗಡೆ ಕೇಳಿದಳು. ಕಣ್ಣು, ಕಾಲು, ಹೊಟ್ಟೆ ನೋಡಿದಳು. ಬರೆಯಲು ಪೆನ್ನು ತೆಗೆದವಳು ತಡೆದಳು.

"ನಿಮಗ ಏನೂ ಜಡ್ಡಿಲ್ಲ. ಮತ್ತ ಯಾಕ ಕರಸ್ಯಾರ ನಿಮ್ಮನ್ನ?"

"ಅದನ್ನ ನೀ ಹೇಳಬೇಕವ್ವ."

ಅವಳು ಅಂಗೈಯನ್ನು ಅವನ ಎದೆಯ ಮೇಲಿಟ್ಟು ಮೆಲ್ಲಗೆ ಬಲಕ್ಕೆ ಸರಿಸಿದಳು. ಕೈ ಅಲ್ಲೇ ನಿಂತಿತು.

ಪರವೂರಿನ ಪರೀಕ್ಷಕರು ಅವಳ ಮಾತಿಗೆ ತಲೆದೂಗುವುದನ್ನು ಕಂಡ ಮೇಲೆಯೇ ಹೊಳಿಯಪ್ಪ ಉಸಿರು ಬಿಟ್ಟ.

ಹೊರಗೆ ಅವಳು ಕಾಯುತ್ತಿದ್ದಳು. "ಇಷ್ಟು ವರ್ಷ ಸುಳ್ಳ ಬರದೇನ್ರಿ. ನೋಡಕೋತ ಕುಂತ್ರಲ್ಲ ನೀವು" ಎಂದು ಕಣ್ಣೊರೆಸಿಕೊಂಡಳು. "ನಾಳೆ ಬರ್ರಿ. ಎರಡ ದಿನ ವಾರ್ಡಿನ್ಯಾಗ ಇರ್ರಿ. ಸ್ಕ್ಯಾನ್ ಗೀನ್ ಎಲ್ಲಾ ನಾನ ನಿಂತು ಮಾಡಸ್ತೇನಿ."

ಹೊಳಿಯಪ್ಪ ಅಂಗಿಯ ಗುಂಡಿ ಹಾಕಿಕೊಂಡ.

"ಬ್ಯಾಡವ್ವ. ಎಪ್ಪತ್ತು ವರ್ಷ ಅದು ಅಲ್ಲೇ ಕುಂತು ದುಡದೈತಿ, ಒಂದಿನ ತಕರಾರು ಮಾಡಿಲ್ಲ. ಈಗ ಹೋಗಿ ಅದನ್ನ ಯಾಕ ವಿಚಾರಸ್ತಿ?"